ಬುಟ್ಟಿಯ ಕೆಳಗಿನ ಹೆಜ್ಜೆ

ಅವಳ ಬಲಗೈಯ ಉಗುರುಗಳ ಸಂದಿಯಲ್ಲಿ ಬೂದಿ ಎಂದೂ ಹೋಗುತ್ತಿರಲಿಲ್ಲ. ಎಷ್ಟು ತಿಕ್ಕಿ ತೊಳೆದರೂ ಬೆರಳ ತುದಿಯಲ್ಲಿ ಒಂದು ಮಾಸಲು ಗೆರೆ ಉಳಿಯುತ್ತಿತ್ತು. ಸಂಜೆ ದೀಪ ಹಚ್ಚುವ ಮೊದಲು ಒಲೆಯ ಬೂದಿಯನ್ನು ಸಾಣಿಸಿ, ಹಿತ್ತಲ ಗೋಡೆಯ ಉದ್ದಕ್ಕೂ ಹಾಸಿ, ಮೇಲೆ ಹಗುರವಾಗಿ ಕಸಬರಿಗೆ ಆಡಿಸುವುದು ಅವಳ ನಿತ್ಯದ ಕೆಲಸ.

"ದೊಡ್ಡವ್ವಾ, ಕಳ್ಳಗ ರಂಗೋಲಿ ಹಾಕಾಕತ್ತಿ ಏನ?" ಎಂದು ಓಣಿಯ ಹೆಂಗಸರು ಕಾಡುತ್ತಿದ್ದರು.

"ಹೌದವಾ. ಬಂದಾಂವ ಹೆಬ್ಬಟ್ಟ ಒತ್ತಿ ಹೋಗಲಿ."

ರಕ್ತಸಂಬಂಧವಿಲ್ಲದಿದ್ದರೂ ಓಣಿಗೆಲ್ಲ ಅವಳು ದೊಡ್ಡವ್ವ. ಗಂಡನಿಲ್ಲ, ಮಕ್ಕಳಿಲ್ಲ. ಹಾನಗಲ್ ತಾಲೂಕಿನ ನಮ್ಮ ಊರಿನಲ್ಲಿ ಆಗ ತವರಿಗೋ ಜಾತ್ರೆಗೋ ಹೊರಟ ಹೆಂಗಸರು ತಮ್ಮ ಒಡವೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವಳ ಟ್ರಂಕಿನಲ್ಲಿಟ್ಟು ಹೋಗುತ್ತಿದ್ದರು. ಅವಳ ಮನೆಯದೂ ನಮ್ಮ ಮನೆಗಳಂತೆ ಮಣ್ಣಿನ ಗೋಡೆಯೇ. ಜನ ನಂಬಿದ್ದು ಅವಳ ಮಾತನ್ನು. ನನ್ನನ್ನು ಓದಿಸಲೆಂದು ಅವ್ವ ಮನೆಯವರ ಕಣ್ಣು ತಪ್ಪಿಸಿ ಉಳಿಸಿಕೊಂಡಿದ್ದ ಬೋರಮಾಳ ಸರವೂ ಆ ಟ್ರಂಕಿನಲ್ಲೇ ಇತ್ತು.

ರಾಜ್ಯ ಒಂದಾದ ಮರುವರ್ಷದ ಸುಗ್ಗಿ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಗೋಡೆಗೆ ಕನ್ನ ಬಿದ್ದಿತ್ತು, ಟ್ರಂಕು ಇರಲಿಲ್ಲ. ಓಣಿಯೇ ನುಗ್ಗಿ ಬಂತು. ಅವ್ವ ಕುಸಿದು ಕುಳಿತಳು. ದೊಡ್ಡವ್ವ ಮಾತ್ರ ಅಳಲಿಲ್ಲ. ಎರಡೂ ಕೈ ಚಾಚಿ ಜನರನ್ನು ತಡೆದಳು.

"ಯಾರೂ ಬೂದಿ ತುಳೀಬ್ಯಾಡ್ರಿ. ಅಂವ ತುಳದಾನ, ಅಷ್ಟ ಸಾಕು."

ಬೂದಿಯಲ್ಲಿ ಬರಿಗಾಲಿನ ಹೆಜ್ಜೆಯೊಂದು ಸ್ಪಷ್ಟವಾಗಿ ಮೂಡಿತ್ತು. ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸಿಡಿದಿತ್ತು. ಭಾರ ಹೊತ್ತದ್ದರಿಂದ ಹಿಮ್ಮಡಿ ಆಳಕ್ಕೆ ಇಳಿದಿತ್ತು. ಅವಳು ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿ ಪಕ್ಕದಲ್ಲೇ ಕುಳಿತು, ಗೌಡರಿಗೆ ಹೇಳಿಕಳಿಸಿದಳು.

ಗೌಡರು ಬಿಸಿಲೇರಿದ ಮೇಲೆ, ಎಲೆ ಅಡಿಕೆ ಜಗಿಯುತ್ತ ಬಂದರು. ತಳವಾರ ಹಿಂದಿದ್ದ. ಅವರು ಬುಟ್ಟಿಯ ಕಡೆ ನೋಡಲೂ ಇಲ್ಲ.

"ಯವ್ವಾ, ಗಟ್ಟಿ ಗ್ವಾಡಿ ಕಟ್ಟಿಸಿದ್ರ ಕನ್ನ ಬೀಳತಿತ್ತೇನು? ಮಣ್ಣಿನ ಗ್ವಾಡಿ ಇಟಗೊಂಡು ನನ್ನ ಕರದ್ರ ನಾ ಏನ ಮಾಡ್ಲಿ?"

"ಗ್ವಾಡಿ ಮಣ್ಣಿಂದು ಅಂತನ ನಿಮ್ಮ ಕಾವಲಿಗೆ ಭತ್ತ ಅಳದು ಕೊಡತೇನಿ, ಗೌಡ್ರ. ಕಲ್ಲಿನ ಗ್ವಾಡಿ ಇದ್ದಿದ್ರ ನಿಮ್ಮನ್ಯಾಕ ಸಾಕತಿದ್ದೆ?"

ಯಾರೋ ಕಿಸಕ್ಕನೆ ನಕ್ಕರು. ಗೌಡರ ದವಡೆ ನಿಂತಿತು.

ಅವಳು ಕೇಳುತ್ತಿದ್ದದ್ದು ದಯೆಯಲ್ಲ, ಕರಾರಿನ ಪಾಲನೆ. ಊರು ಕಾಯುವುದಕ್ಕೆಂದೇ ಗೌಡನೂ ತಳವಾರನೂ ಪ್ರತಿ ಸುಗ್ಗಿಗೆ ಕಣದಿಂದ ಭತ್ತದ ಪಾಲನ್ನು ಆಯವೆಂದು ಎತ್ತುತ್ತಿದ್ದರು. ಪ್ರತಿಯಾಗಿ, ಕಳವಾದರೆ ಹೆಜ್ಜೆ ಹಿಡಿದು ಹೋಗುವುದು ಅವರ ಹೊಣೆ. ಹೆಜ್ಜೆ ಸೀಮೆ ದಾಟಿದರೆ ಹೊಣೆ ಮುಂದಿನ ಊರಿಗೆ. ಹೆಜ್ಜೆ ಯಾವ ಊರಲ್ಲಿ ಕಳೆದುಹೋಗುತ್ತದೆಯೋ ಆ ಊರೇ ಕಳವು ತುಂಬಿಕೊಡಬೇಕು. ಇದು ಹಿರಿಯರ ಕಾಲದ ಕಟ್ಟಳೆ.

"ಆ ಪದ್ಧತಿ ಸತ್ತು ಮಣ್ಣಾಗೇತಿ," ಎಂದರು ಗೌಡರು.

"ಹಂಗಾರ ಆಯಾನೂ ಮಣ್ಣ ಮಾಡೂಣ್ರಿ. ಈ ಸಲ ಕಣಕ್ಕ ಬರಬ್ಯಾಡ್ರಿ."

ಅವಳ ಬೆನ್ನ ಹಿಂದೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು, "ನಮ್ಮ ಕಣಕ್ಕೂ ಬ್ಯಾಡ್ರಿ," ಎಂದಳು. ಮತ್ತೊಬ್ಬಳೂ ಅಂದಳು. ಕುಸಿದು ಕುಳಿತಿದ್ದ ನನ್ನ ಅವ್ವ ಸೆರಗು ಸರಿಪಡಿಸಿಕೊಂಡು ಎದ್ದು ನಿಂತು ಅದೇ ಮಾತು ಹೇಳಿದಳು. ಅವ್ವ ಗೌಡರೆದುರು ಬಾಯಿ ತೆರೆದದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಗೌಡರು ಎಲೆ ಉಗುಳಿ ತಳವಾರನಿಗೆ ಕೈ ಮಾಡಿದರು. ಬುಟ್ಟಿ ಮೇಲೆದ್ದಿತು.

ಹೆಜ್ಜೆ ಹಿತ್ತಲಿನಿಂದ ಹಳ್ಳಕ್ಕೆ, ಹಳ್ಳದ ಹಸಿ ಮಣ್ಣಿನಿಂದ ಗದ್ದೆಯ ಬದುವಿಗೆ ಸಾಗಿತ್ತು. ತಳವಾರ ಮುಂದೆ, ಬುಟ್ಟಿ ಹಿಡಿದ ದೊಡ್ಡವ್ವ ಅವನ ಹಿಂದೆ, ಕಾಲಿನ ಜೋಡುಗಳನ್ನು ಕೈಯಲ್ಲಿ ಹಿಡಿದು ಬದುವಿನ ಮೇಲೆ ತೂರಾಡುತ್ತ ಗೌಡರು, ಅವರ ಹಿಂದೆ ಇಡೀ ಓಣಿ. ಸೀಮೆಗಲ್ಲಿನ ಆಚೆ ಕೊನೆಯ ಹೆಜ್ಜೆ ಕಂಡಿತು. ಮುಂದೆ ಗಟ್ಟಿ ನೆಲ. ಅವಳು ಅದರ ಮೇಲೆ ಬುಟ್ಟಿ ಕವುಚಿ ಮತ್ತೆ ಕುಳಿತಳು. ಪಕ್ಕದ ಊರಿನ ಗೌಡರನ್ನು ಕರೆಸಲಾಯಿತು.

"ನಮ್ಮೂರ ಹೆಸರು ಕೆಡಸಬ್ಯಾಡ ಯವ್ವಾ," ಎಂದರು ಅವರು.

"ಹುಡುಕಿದ್ರ ಹೆಸರು ಉಳೀತೈತ್ರಿ. ಹುಡುಕೂದು ಬ್ಯಾಡಾದ್ರ ತುಂಬಿಕೊಡ್ರಿ."

ಈಗ ನಮ್ಮ ಗೌಡರಿಗೆ ಎಲ್ಲಿಲ್ಲದ ಹುರುಪು. ಹೊಣೆ ಸೀಮೆ ದಾಟಿತ್ತಲ್ಲ! "ಪದ್ಧತಿ ಅಂದ್ರ ಪದ್ಧತಿ, ಗೌಡ್ರ," ಎಂದು ಅವರೇ ಕಟ್ಟಳೆಯನ್ನು ವಿವರಿಸತೊಡಗಿದರು. ತುಂಬಿಕೊಡಬೇಕಾಗುವ ಭಯಕ್ಕೆ ಆ ಊರಿಗೆ ಊರೇ ಹುಡುಕಾಟಕ್ಕಿಳಿಯಿತು. ಹೊತ್ತು ವಾಲುವ ಮೊದಲೇ ಕಬ್ಬಿನ ಗಾಣದ ಬಳಿ, ಸಿಪ್ಪೆಯ ರಾಶಿಯೊಳಗೆ ಟ್ರಂಕು ಸಿಕ್ಕಿತು. ಬೀಗ ಒಡೆದಿರಲಿಲ್ಲ. ಗಾಣದ ಕೂಲಿಗೆಂದು ಎಲ್ಲಿಂದಲೋ ಬಂದಿದ್ದ, ಹೆಬ್ಬೆರಳು ಸಿಡಿದ ಕಾಲಿನವನನ್ನು ಆ ಊರಿನವರೇ ಠಾಣೆಗೆ ಒಪ್ಪಿಸಿದರು.

ಟ್ರಂಕು ನಮ್ಮ ಓಣಿಗೆ ಬಂದದ್ದು ಮೆರವಣಿಗೆಯಂತೆ. ದೊಡ್ಡವ್ವ ಅದನ್ನು ಕಟ್ಟೆಯ ಮೇಲಿಟ್ಟು ಬೀಗ ತೆಗೆದು ಹಿಂದೆ ಸರಿದು ನಿಂತಳು. "ನಿಮ್ಮ ನಿಮ್ಮ ಗಂಟು ನೀವ ಬಿಚ್ಚಿ ನೋಡ್ರಿ. ನಾ ಮುಟ್ಟೂದಿಲ್ಲ." ಅವ್ವನ ಗಂಟಿನಲ್ಲಿ ಬೋರಮಾಳ ಸರ ಇಟ್ಟಂತೆಯೇ ಇತ್ತು. ಕೊನೆಯ ಗಂಟೂ ಅದರ ಒಡತಿಗೆ ಸೇರಿದ ಮೇಲೆ ದೊಡ್ಡವ್ವ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಗೌಡರ ಮುಂದೆ ಹಿಡಿದಳು.

"ಕುಡೀರಿ. ಇವತ್ತ ನೀವು ಗೌಡ್ರಾದ್ರಿ."

ಅವರು ಒಂದೇ ಗುಟುಕಿಗೆ ಕುಡಿದರು. ಆ ಸುಗ್ಗಿಗೆ ಅವಳ ಕಣದಿಂದ ಆಯದ ಭತ್ತ ಮೊದಲಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಹೋಯಿತು.

ನಾನು ಮ್ಯಾಟ್ರಿಕ್ ಮುಗಿಸಿದಾಗ ಅವ್ವ ಸರ ಮಾರಿದಳು. ನಾನು ಧಾರವಾಡಕ್ಕೆ ಹೋದೆ. ವಿಶ್ವವಿದ್ಯಾಲಯದಲ್ಲಿ ಪ್ರಭುತ್ವ ಮತ್ತು ಪ್ರಜೆಯ ಕರಾರಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದೆ. ಅಷ್ಟರಲ್ಲಿ ವಂಶಪಾರಂಪರ್ಯದ ಗೌಡಿಕೆ ರದ್ದಾಯಿತು. ಆದದ್ದು ಒಳ್ಳೆಯದೇ, ಹುಟ್ಟಿನಿಂದ ಬಂದ ಅಧಿಕಾರಕ್ಕೆ ನಾನು ಕಣ್ಣೀರು ಹಾಕಲಾರೆ. ಆದರೆ ಗೌಡಿಕೆಯ ಜೊತೆಗೆ ಹೊಣೆಯನ್ನೂ ರದ್ದು ಮಾಡಿದವರು ಯಾರು? ನಮ್ಮ ತೆರಿಗೆಯನ್ನು ಆಯದಂತೆ ಎತ್ತಿಕೊಂಡು, ಕಳವಾದಾಗ ಕುರ್ಚಿ ಬಿಟ್ಟು ಏಳದೆ ನಮ್ಮ ಗೋಡೆಯ ತಪ್ಪು ಎಣಿಸುವವರಿಗೆ ಮಜ್ಜಿಗೆ ಕೊಡಲು ನನ್ನ ಕೈ ಇನ್ನೂ ಏಳುತ್ತಿಲ್ಲ.

ಹೋದ ಚಳಿಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಸಂಜೆ ಅವಳ ಟ್ರಂಕು ನಮ್ಮ ಮನೆಗೆ ಬಂತು. ಅದರೊಳಗಿನ ಗಂಟುಗಳ ಒಡತಿಯರೇ ಹೊತ್ತು ತಂದಿದ್ದರು. "ಇನ್ನ ನೀ ಇಟಗೋ," ಎಂದರು ಅವ್ವನಿಗೆ. ಅವ್ವ ಟ್ರಂಕನ್ನು ಒಳಗೆ ಇಡಿಸಿದಳು. ಒಲೆಯ ಮುಂದೆ ಕುಳಿತು ಬೂದಿ ಸಾಣಿಸತೊಡಗಿದಳು. ನಾನು ಕಸಬರಿಗೆ ತೆಗೆದುಕೊಂಡು ಹಿತ್ತಲಿಗೆ ಹೋದೆ.