ಹಡ್ಸನ್ ನದಿಯ ತಲೆ ನೋಡಲು ಹೊರಟ ಚೆಲುವರಾಜು

ಚೆಲುವರಾಜು ತೀರಿಕೊಂಡ ಮೇಲೆ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಅವನು ದೊಡ್ಡ ಪರ್ವತಾರೋಹಿಯಾಗಿಬಿಟ್ಟಿದ್ದಾನೆ. 'ಶಿಖರಗಳ ಪ್ರೇಮಿ' ಎಂದು ಯಾರೋ ಬರೆದರು, ಉಳಿದವರು ಕೈಮುಗಿಯುವ ಚಿತ್ರ ಒತ್ತಿದರು. ಬದುಕಿದ್ದಾಗ ಅವನು ವುಡ್‌ಬ್ರಿಡ್ಜ್‌ನ ಮನೆಯಲ್ಲಿ ಬೇಸ್‌ಮೆಂಟಿನಿಂದ ಅಕ್ಕಿ ಚೀಲ ಮೇಲೆ ತರಲು ಎರಡು ಸಲ ಯೋಚಿಸುತ್ತಿದ್ದ. ಸತ್ತವರಿಗೆ ನಮ್ಮಲ್ಲಿ ಬಡ್ತಿ ಬೇಗ ಸಿಗುತ್ತದೆ.

ಇದ್ದಾಗ ಅವನು ಮಳವಳ್ಳಿ ಕಡೆಯ ಒಬ್ಬ ಪಂಪ್ ಎಂಜಿನಿಯರ್. ಅವರ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು. ಯಾರ ಮನೆಗೆ ಹೋದರೂ ಕಾಫಿಗೆ ಮೊದಲು ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ಒತ್ತಡ ನೋಡುತ್ತಿದ್ದ. ಯಾರಿಗೂ ಇಲ್ಲ ಎನ್ನಲು ಬಾರದವನು. ಅವನ ದೇಹದಲ್ಲಿ ದಾಕ್ಷಿಣ್ಯ ಮಾತ್ರ ಯಾವತ್ತೂ ಕೆಟ್ಟು ನಿಲ್ಲಲಿಲ್ಲ. ಶ್ವಾಸಕೋಶಕ್ಕೆ ಆ ಬಾಳಿಕೆ ಇರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಡಾಕ್ಟರು ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುತ್ತಿದೆ, ಬೆಟ್ಟಗುಡ್ಡ ಹತ್ತುವ ಆಸೆಯಿದ್ದರೆ ಎಲೆ ಉದುರುವ ಮುಂಚೆ ಮುಗಿಸಿಕೊಳ್ಳಿ ಅಂದರು. ಇದು ಗೊತ್ತಿದ್ದದ್ದು ಅವನ ಹೆಂಡತಿ ಹಂಸಾಗೆ ಮತ್ತು ನನಗೆ ಮಾತ್ರ. ಜೆರಿಕೋದಲ್ಲಿದ್ದ ಕೂಟದವರೊಬ್ಬರಿಗೆ ಬೈಪಾಸ್ ಆದಾಗ ಇಡೀ ಕೂಟ ಅವರ ಮನೆಗೆ ತಿಳಿಸಾರು ಸಾಗಿಸಿ, ಆಮೇಲೆ ಸೋಫಾದ ಮೇಲೆ ಕೂತು ಯಾರ್ಯಾರು ಬೈಪಾಸ್ ಆದ ಮೇಲೂ ಉಳಿಯಲಿಲ್ಲ ಎಂದು ವಿವರವಾಗಿ ಹೇಳಿ ಬಂದಿತ್ತು. "ನನಗೆ ಆ ಸಾರು ಬೇಡ ಕಣೋ ಜಯರಾಮು," ಅಂದಿದ್ದ ಚೆಲುವರಾಜು ನನಗೆ.

ಅವನಿಗೆ ಬೇಕಿದ್ದದ್ದು ಒಂದೇ. ಹಡ್ಸನ್ ನದಿಯ ಮೂಲ. ಆಫೀಸಿನ ಕಿಟಕಿಯಿಂದ ದಿನವೂ ಕಾಣುವ ಆ ನದಿ ಉತ್ತರದ ಅಡಿರಾಂಡಾಕ್ ಬೆಟ್ಟಗಳಲ್ಲಿ, ಒಂದು ಪುಟ್ಟ ಸರೋವರದಲ್ಲಿ ಶುರುವಾಗುತ್ತದೆ. ಲೇಕ್ ಟಿಯರ್ ಆಫ್ ದ ಕ್ಲೌಡ್ಸ್. ಮೋಡದ ಕಣ್ಣೀರಂತೆ. ಇಂಥ ಹೆಸರಿಡುವವರು ಹತ್ತಿ ಹೋಗುವ ದಾರಿಗೆ ಸ್ವಲ್ಪ ಮಣ್ಣು ಹಾಕಿಸಬಹುದಿತ್ತು. ಬರೀ ಬಂಡೆ, ಬೇರು, ಕೆಸರು.

"ಚಿಕ್ಕವನಿದ್ದಾಗ ನಮ್ಮಪ್ಪ ತಲಕಾವೇರಿಗೆ ಕರ್ಕೊಂಡು ಹೋಗಿದ್ರು. ಅಷ್ಟು ದೊಡ್ಡ ಹೊಳೆ ಇಷ್ಟೇ ಜಾಗದಿಂದ ಹೊರಡುತ್ತಾ ಅಂತ ನಂಬಕ್ಕೇ ಆಗ್ಲಿಲ್ಲ. ಇದರದ್ದೂ ನೋಡ್ಬಿಡ್ಬೇಕು," ಅಂದ.

ಯೋಜನೆ ಎಂಜಿನಿಯರನದ್ದು. ಮೂರು ದಿನ. ಮೊದಲ ದಿನ ಅರ್ಧ ದಾರಿ ನಡೆದು ಡೇರೆ, ಎರಡನೇ ದಿನ ಸರೋವರ ನೋಡಿ ಡೇರೆಗೆ ವಾಪಸ್, ಮೂರನೇ ದಿನ ಕೆಳಗೆ. ಅವನ ಉಸಿರು ಎಷ್ಟು ದೂರಕ್ಕೆ ಬರುತ್ತದೆಂದು ಅಳೆದು ಹಾಕಿದ ಲೆಕ್ಕ. ಹಂಸಾ ಕೆಳಗೆ ಉಳಿಯುವುದು, ನಾವಿಬ್ಬರು ಮೇಲೆ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು.

ಆ ಕಾಡಿನಲ್ಲಿ ರಾತ್ರಿ ಉಳಿಯುವವರು ಊಟವನ್ನು ಕರಡಿ ತೆರೆಯಲಾರದ ಗಟ್ಟಿ ಡಬ್ಬಿಯಲ್ಲಿಡಬೇಕೆಂಬ ನಿಯಮವಿದೆ. ಹೊಸದು ಯಾಕೆ ಕೊಳ್ಳಬೇಕು, ಯಾರ ಗ್ಯಾರೇಜಿನಲ್ಲಾದರೂ ಇರುತ್ತದೆ ಎಂದು ಈ ಮಹಾನುಭಾವ ಕೂಟದ ಗುಂಪಿನಲ್ಲಿ ಕೇಳಿದ. ಕೇಳುವಾಗ ಎಲ್ಲಿಗೆ ಹೋಗುತ್ತಿದ್ದೇವೆ ಎಂದೂ ಬರೆದ. ಬರೆದಮೇಲೆ ಬರೀ ಡಬ್ಬಿ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು, 'ನೀವೂ ಬನ್ನಿ' ಅಂತ ಸೇರಿಸಿದ. ನಮ್ಮವರು ಊಟದ ಹೊತ್ತಿಗೆ ಮನೆಗೆ ಬಂದವರಿಗೆ ಹೇಳುವ ಮಾತು ಅದು. ಬಂದವರು 'ಈಗ ತಾನೇ ಆಯ್ತು' ಅನ್ನಬೇಕು. ವಾಟ್ಸಾಪಿನಲ್ಲಿ ಯಾರೂ ಹಾಗನ್ನಲಿಲ್ಲ.

ಡಬ್ಬಿ ಬರಲಿಲ್ಲ, ಜನ ಬಂದರು. ಪಾರ್ಕಿಂಗ್ ಇದೆಯಾ, ರೆಸ್ಟ್‌ರೂಮ್ ಇದೆಯಾ, ಅತ್ತೆಯವರು ನಡೆಯಬಹುದಾ. ಕೂಟದ ಶೈಲಮ್ಮ ದಾರಿಗೆ ಪುಳಿಯೋಗರೆ ವಹಿಸಿಕೊಂಡರು. ಆಗಸ್ಟಿನಲ್ಲಿ ಯಾರದೋ ಮಗಳ ರಂಗಪ್ರವೇಶ, ಸೆಪ್ಟೆಂಬರಿನಲ್ಲಿ ಕೂಟದ ಗಣೇಶ. ದಿನಾಂಕ ಅಕ್ಟೋಬರಿಗೆ ಹೋಯಿತು. ಅಷ್ಟರಲ್ಲಿ ಚೆಲುವರಾಜು ಮಾತಿನ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

"ಇವರನ್ನೆಲ್ಲ ಬಿಡು, ನಾಳೆನೇ ನಾವಿಬ್ರು ಹೊರಡೋಣ," ಅಂದೆ.

"ಕರೆದುಬಿಟ್ಟಿದೀನಲ್ಲೋ. ಕರೆದವನೇ ಹೇಳ್ದೆ ಹೋದ್ರೆ ಏನಂದ್ಕೋತಾರೆ?"

"ಕಾಯಿಲೆ ಅಂತ ಹೇಳು."

"ಹೇಳಿದ್ರೆ ಸಾರು ಬರುತ್ತೆ."

ಮೇಲೆ ರೆಸ್ಟ್‌ರೂಮ್ ಇಲ್ಲ, ಮಲವನ್ನು ಮಣ್ಣಲ್ಲಿ ಗುಂಡಿ ತೋಡಿ ಹೂಳಬೇಕೆಂದು ನಾನೇ ಗುಂಪಿನಲ್ಲಿ ಬರೆದೆ. ಒಂದೇ ಸಂಜೆಯಲ್ಲಿ ಬರುವವರ ಪಟ್ಟಿ ಖಾಲಿ. ಉಳಿದವರು ಅಭಿನವ್, ಅಕ್ಷತಾ ಎಂಬ ಎಳೆಯ ಗಂಡಹೆಂಡತಿ, ಮತ್ತು ಕೂಟದ ಅಧ್ಯಕ್ಷ ಈಶಣ್ಣ. ಈಶಣ್ಣ ಮ್ಯಾರಥಾನ್ ಓಡುವವರು. ಕೇಳದಿದ್ದವರಿಗೂ ಅದು ಗೊತ್ತು.

ಚೆಲುವರಾಜುವಿನ ಮೂರು ದಿನ ನೋಡಿ ಅವರು ನಕ್ಕರು. "ಏನ್ ಚೆಲುವರಾಜು ಅವರೇ, ಮದುವೆ ದಿಬ್ಬಣನಾ ಇದು? ಬೆಳಿಗ್ಗೆ ಬೇಗ ಸ್ಟಾರ್ಟ್ ಮಾಡಿದ್ರೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಸಂಡೇ ನಂಗೆ ಕಮಿಟಿ ಮೀಟಿಂಗ್ ಇದೆ."

ನಾನು ಅವನ ಮುಖ ನೋಡಿದೆ. ಅವನು ಹೇಳಿದ್ದು, "ಆಗ್ಲಿ ಈಶಣ್ಣ, ನಿಮಗೆ ಹೇಗೆ ಅನುಕೂಲವೋ ಹಾಗೆ."

ಅಕ್ಟೋಬರಿನ ಆ ಶನಿವಾರ ಅವನು ನಮ್ಮ ಜೊತೆ ಮೊದಲ ಸೇತುವೆಯವರೆಗೆ ಬಂದ. ಅಲ್ಲಿ ಒಂದು ಬಂಡೆಯ ಮೇಲೆ ಕೂತು, ಮಂಡಿ ನೋವು, ನೀವು ಹೋಗಿ ಅಂದ. ಒಂದು ಸುಳ್ಳನ್ನೂ ಅಷ್ಟು ವಿನಯವಾಗಿ ಹೇಳಬಲ್ಲ ಬೇರೊಬ್ಬನನ್ನು ನಾನು ಕಂಡಿಲ್ಲ. ನಾನೂ ಕೂತೆ. ಅವನು ನನ್ನ ಬೆನ್ನಿಗೆ ಗುದ್ದಿದ.

"ನೀನೂ ಇಲ್ಲೇ ಕೂತ್ರೆ ನೋಡೋರ್ಯಾರೋ? ಎದ್ದೇಳು. ಫೋಟೋ ಬೇಡ ನಂಗೆ. ನೀರು ಯಾವ ಕಡೆಯಿಂದ ಹೊರಗೆ ಹೋಗುತ್ತೆ, ಅದನ್ನ ನೋಡ್ಕೊಂಡ್ ಬಾ."

ಹೋದೆ. ಸರೋವರ ಸರೋವರವೇ ಅಲ್ಲ. ನಮ್ಮೂರಲ್ಲಾಗಿದ್ದರೆ ಕಟ್ಟೆ ಅನ್ನುತ್ತಿದ್ದರು, ಎಮ್ಮೆ ಮೈ ತೊಳೆಯುತ್ತಿದ್ದರು. ಈಶಣ್ಣ ಚೀಲದಿಂದ ಕೂಟದ ಬ್ಯಾನರ್ ತೆಗೆದು ನಾಲ್ಕೂ ಜನರಿಂದ ಹಿಡಿಸಿ, ದಾರಿಹೋಕನೊಬ್ಬನಿಂದ ಫೋಟೋ ತೆಗೆಸಿದರು. ಅದರಲ್ಲಿ ಬ್ಯಾನರ್ ಚೆನ್ನಾಗಿ ಬಂದಿದೆ. ನೀರು ಅದರ ಹಿಂದಿದೆ. ಆಮೇಲೆ ನಾನೊಬ್ಬನೇ ಕೆಸರಿನಲ್ಲಿ ದಡ ಹಿಡಿದು ಹೋಗಿ ಹುಡುಕಿದೆ.

ಕತ್ತಲಾಗುವ ಹೊತ್ತಿಗೆ ಕೆಳಗೆ ಬಂದಾಗ ಅವನು ಕಾರಿನೊಳಗೆ ಹಂಸಾಳ ಶಾಲು ಹೊದ್ದು ಕೂತಿದ್ದ. ಈಶಣ್ಣ ತಮ್ಮ ವಾಚಿನಲ್ಲಿದ್ದ ವೇಗ ತೋರಿಸಿದರು. ಅವನು ಶಹಬ್ಬಾಸ್ ಅಂದು, ಅವರಿಗೆ ಶೈಲಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಕೊಟ್ಟು ಆ ಕಡೆ ಕಳಿಸಿ, ನನ್ನ ಕಡೆ ತಿರುಗಿದ.

"ಹೇಳು."

"ಪಶ್ಚಿಮದ ಮೂಲೇಲಿ. ಬಂಡೆ ಸಂದಿಯಿಂದ ಹೋಗುತ್ತೆ. ಸದ್ದೇ ಇಲ್ಲ, ಬಗ್ಗಿ ನೋಡಿದ್ರಷ್ಟೇ ಗೊತ್ತಾಗೋದು."

"ಅಗಲ?"

"ಒಂದು ಹೆಜ್ಜೆ. ದಾಟಿದೆ."

"ವೇಗ ಹೇಗಿತ್ತು?"

"ಒಂದು ಎಲೆ ಬಿಟ್ಟು ನೋಡಿದೆ. ಮೊದಲು ಅಲ್ಲೇ ಸುತ್ತಿತು, ಹೋಗೋ ಮನಸ್ಸೇ ಇಲ್ಲದ ಹಾಗೆ. ಆಮೇಲೆ ಹೊರಟಿತು."

ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. ನಿದ್ದೆ ಬಂತೆಂದುಕೊಂಡು ನಾನು ಬಾಗಿಲು ಮುಚ್ಚಲು ಹೋದೆ.

"ಎಲೆ ಬಿಟ್ಟಿದ್ದು ಒಳ್ಳೇದಾಯ್ತು," ಅಂದ. "ಇನ್ನೊಂದ್ಸಲ ಮೊದಲಿಂದ ಹೇಳು, ನಿಧಾನಕ್ಕೆ. ಎಲ್ಲಿ ನಿಂತಿದ್ದೆ ನೀನು?"