ಎರಡು ಹಳೆಯ ಕಾರು, ಒಂದು ಪಾತ್ರೆ ಸಾಂಬಾರ್

ನಮ್ಮ ಸೇಠರ ಬಳಿ ಎರಡು ಹಳೆಯ ಕಾರುಗಳಿದ್ದವು. ಒಂದು ಜರ್ಮನಿಯದು, ಇನ್ನೊಂದು ಇಟಲಿಯದು. ಎರಡಕ್ಕೂ ನಾನೊಬ್ಬನೇ ಡ್ರೈವರ್. ಸೇಠರು ಉಡುಪಿಯವರು, ಕುರ್ಲಾದಲ್ಲಿ ಒಂದು, ಮುಲುಂಡ್‌ನಲ್ಲಿ ಒಂದು ಹೋಟೆಲು. ನಾನು ಗದಗ ಕಡೆಯವನು, ಹತ್ತನೇ ಪಾಸಾದದ್ದು ಮೂವತ್ತನಾಲ್ಕನೇ ವಯಸ್ಸಿಗೆ, ನೈಟ್ ಸ್ಕೂಲಿನಲ್ಲಿ.

ಸೇಠರು ಇರುವ ಮುಲುಂಡ್‌ನ ಸೊಸೈಟಿಯವರು ಒಂದು ಫ್ಲ್ಯಾಟಿಗೆ ಒಂದೇ ಪಾರ್ಕಿಂಗ್ ಎಂದು ನೋಟಿಸು ಹಚ್ಚಿದರು. ಒಂದು ಕಾರು ಹೋಗಬೇಕಾಯಿತು.

ಇಟಲಿಯದಕ್ಕೆ ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಕ್ಲಚ್ಚು ಬಿಗಿ. ಹಿಂದೆ ಅದನ್ನು ಸೇಠರೇ ಓಡಿಸುತ್ತಿದ್ದರು. ಎಡಮಂಡಿ ಕೆಟ್ಟ ಮೇಲೆ ಬಿಟ್ಟರು. ಜರ್ಮನಿಯದು ಆಟೊಮ್ಯಾಟಿಕ್, ಎಡಗಾಲಿಗೆ ಕೆಲಸವೇ ಇಲ್ಲ. ಅದು ಉಳಿದರೆ ತಾವೇ ಓಡಿಸುವುದಾಗಿ ಮನೆಯಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು. ಅಂದರೆ ಇಟಲಿಯದು ಉಳಿದರೆ ನಾನೂ ಉಳಿಯುತ್ತಿದ್ದೆ.

ಯಾವುದನ್ನು ಮಾರುವುದೆಂದು ಸೇಠರು ಕೇಳಿದಾಗ ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಜರ್ಮನಿಯದರ ಬಾಗಿಲು ಕಬ್ಬಿಣದ ಬೀರುವಿನ ಹಾಗೆ ಮುಚ್ಚಿಕೊಳ್ಳುತ್ತದೆ, ಇಟಲಿಯದನ್ನು ಎರಡು ಸಲ ಎಳೆಯಬೇಕು. ಆದರೆ ಇಟಲಿಯದರ ರಿಪೇರಿ ಸಾಮಾನು ಕುರ್ಲಾದಲ್ಲಿ ಮಧ್ಯಾಹ್ನದೊಳಗೆ ಸಿಗುತ್ತದೆ, ಜರ್ಮನಿಯದಕ್ಕೆ ತಿಂಗಳು ಕಾಯಬೇಕು. ಸೇಠರು ಹೋಟೆಲಿನವರು, ಬೇರೆ ದಾರಿ ಹಿಡಿದರು. ಕುರ್ಲಾದ ಅಡುಗೆಮನೆಯಿಂದ ಮುಲುಂಡ್‌ಗೆ ದಿನಾ ಬೆಳಿಗ್ಗೆ ಟೆಂಪೊದಲ್ಲಿ ಹೋಗುವ ಸಾಂಬಾರ್ ಎರಡು ದಿನ ಕಾರಿನಲ್ಲಿ ಹೋಗಲಿ, ಯಾವುದರಲ್ಲಿ ಹೆಚ್ಚು ಚೆಲ್ಲುತ್ತದೋ ಅದನ್ನು ಮಾರುವುದು ಎಂದರು.

ಮೊದಲ ದಿನ ಜರ್ಮನಿಯದು. ಯಾವಾಗಲೂ ಗಾಡಿ ಬಿಡುವ ಹಾಗೆಯೇ ಬಿಟ್ಟೆ. ಘಾಟ್‌ಕೋಪರ್ ಹತ್ತಿರ ಒಂದು ಗುಂಡಿ. ಎರಡು ಸೌಟು ಚೆಲ್ಲಿತು.

ಎರಡನೇ ದಿನ ಇಟಲಿಯದು. ತಿರುವಿನಲ್ಲಿ ಅದು ತೂಗುತ್ತದೆ, ನನಗೆ ಗೊತ್ತು. ಸೆಕೆಂಡ್ ಗೇರಿನ ಮೇಲೆ ಹೋಗಲೇ ಇಲ್ಲ. ಭಾಂಡುಪ್‌ನಲ್ಲಿ ಒಂದು ಕೈಗಾಡಿ ನನ್ನನ್ನು ದಾಟಿ ಹೋಯಿತು. ಮುಲುಂಡ್ ಮುಟ್ಟಿದಾಗ ಪಾತ್ರೆಗೆ ಕಟ್ಟಿದ ಬಟ್ಟೆ ಒಣಗಿದ್ದದ್ದು ಒಣಗಿದ ಹಾಗೆಯೇ ಇತ್ತು. ಹೋಟೆಲಿನ ಬಾಗಿಲಲ್ಲೇ ನಿಂತಿದ್ದ ಸೇಠರು ಬಟ್ಟೆ ಬಿಚ್ಚಿ, ಒಂದು ಚಮಚ ಬಾಯಿಗೆ ಹಾಕಿಕೊಂಡರು.

“ಎಂಥ ಮಾರಾಯ, ನಡ್ಕೊಂಡು ಬಂದದ್ದಾ ನೀನು?”

“ಒಂದ್ ಹನಿ ಚೆಲ್ಲಿಲ್ರೀ ಸೇಠ್ರ.”

“ಚೆಲ್ಲಲಿಲ್ಲ. ತಣ್ಣಗಾಗಿದೆ. ಕಾದು ಕಾದು ನಾಲ್ಕು ಟೇಬಲಿನವರು ಎದ್ದು ಹೋದ್ರು.”

ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. “ನೌಕರಿ ಹೋಗ್ತದಂತ ಸಾವಕಾಶ ಗಾಡಿ ಬಿಟ್ಟೆರಿ” ಎಂದೆ. ಅವರು ಸಾಂಬಾರ್ ಬಿಸಿ ಮಾಡಿಸಲು ಒಳಗೆ ಹೋದರು. ನನ್ನ ಒಣ ಬಟ್ಟೆ ಲೆಕ್ಕಕ್ಕೆ ಬರಲಿಲ್ಲ. ಅದೇ ವಾರ ಇಟಲಿಯ ಕಾರು ಜೋಗೇಶ್ವರಿಯ ಒಬ್ಬರ ಪಾಲಾಯಿತು. ನಾನೇ ಅಲ್ಲಿಗೆ ಮುಟ್ಟಿಸಿ, ಲೋಕಲ್ ರೈಲಿನಲ್ಲಿ ವಾಪಸು ಬಂದೆ.

ಮರುದಿನ ಸೇಠರು ಜರ್ಮನಿಯದರ ಸ್ಟೇರಿಂಗ್ ಹಿಡಿದರು. ನಾನು ಪಕ್ಕದಲ್ಲಿ ಕುಳಿತೆ, ಒಂದು ದಿನದ ಮಟ್ಟಿಗೆ. ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಅಡ್ಡ ಬಂದ. ಸೇಠರ ಎಡಗಾಲು ಕ್ಲಚ್ಚು ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕನ್ನು ಪೂರ್ತಿ ಒತ್ತಿತು. ಕಾರು ನಿಂತಿತು, ನನ್ನ ಹಣೆ ಗಾಜಿಗೆ ತಾಗಿತು. ಸಿಗ್ನಲ್ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ಹಾಗೆಯೇ ಆಯಿತು. ಹಿಂದಿನ ರಿಕ್ಷಾದವನು ಇಳಿದು ಬಂದು ಮರಾಠಿಯಲ್ಲಿ ನಮ್ಮಿಬ್ಬರನ್ನೂ ವಿಚಾರಿಸಿಕೊಂಡ.

ಸೇಠರು ಮಂಡಿ ಹಿಡಿದುಕೊಂಡು ಇಳಿದು, ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು.

“ಈ ಕಾಲಿನ ಅಭ್ಯಾಸ ಹೋಗುವವರೆಗೆ ಗಾಡಿ ನೀನೇ ಬಿಡು.”

ಅಭ್ಯಾಸ ಹೋಯಿತೇ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ.