ಅಪ್ಪನ ಬಂದೂಕು ಮತ್ತು ನನ್ನ ನಡತೆಯ ವಿಚಾರಣೆ

ಅಪ್ಪ ಹೋದ ಮೇಲೆ ನನಗೆ ಬೇಕೆನಿಸಿದ್ದು ಒಂದೇ, ಅವನ ಬಂದೂಕು. ಈಗ ತವರುಮನೆಯಲ್ಲೇ ಇದ್ದು ಕುಪ್ಪೇಲೂರಿನ ಹೊಲ ನಾನೇ ಮಾಡಿಸುತ್ತೇನೆ, ಹಂದಿ ಕಾಟ ಇದ್ದೇ ಇದೆ. ಅರ್ಜಿಯಲ್ಲಿ ಬೆಳೆ ರಕ್ಷಣೆಗೆ ಎಂದೇ ಬರೆದೆ. ಖರೇ ಹೇಳಬೇಕೆಂದರೆ, ಅದು ಇರುತ್ತಿದ್ದ ಮೂಲೆಯನ್ನು ಬರಿದಾಗಿ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅಪ್ಪ ಅದರಿಂದ ಒಂದು ಹಂದಿಯನ್ನೂ ಹೊಡೆದವನಲ್ಲ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಬೆಳಗಿನ ಜಾವ ಬದುವಿನ ಮೇಲೆ ನಿಂತು ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದ. ಆ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಅಪ್ಪ ಹೊಲದಲ್ಲಿದ್ದಾನೆ ಅಂದುಕೊಂಡು ಮತ್ತೆ ಮಲಗುತ್ತಿದ್ದೆ. ಈಗ ಸದ್ದೂ ಇಲ್ಲ, ಆ ನಿದ್ದೆಯೂ ಇಲ್ಲ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಯಲ್ಲಿ ಇಟ್ಟುಬಂದು, "ಮಗಳನ್ನ ಗಂಡನ ಮನಿಗೆ ಕಳಿಸಿದಂಗಾತು" ಎಂದು ಊಟ ಬಿಟ್ಟು ಕೂರುತ್ತಿದ್ದ. ನನ್ನನ್ನು ಕಳಿಸಿದ ದಿನ ಮಾತ್ರ ಹೊಟ್ಟೆತುಂಬ ಉಂಡಿದ್ದನಂತೆ!

ಲೈಸೆನ್ಸ್ ಇದ್ದವರು ತೀರಿಕೊಂಡರೆ ಬಂದೂಕು ಠಾಣೆಗೆ ಹೋಗುತ್ತದೆ. ವಾರಸುದಾರರ ನಡತೆಯನ್ನು ಪೊಲೀಸರು ಓಣಿಯಲ್ಲಿ ವಿಚಾರಿಸಿ, ಹಾವೇರಿಯ ಕಚೇರಿಯವರು ಒಪ್ಪಿದರಷ್ಟೇ ವಾಪಸು. ಮಾರಿದರೂ ಕೊಳ್ಳುವವನಿಗೆ ಇದೇ ವಿಚಾರಣೆ.

ಪೊಲೀಸರು ಬಂದದ್ದು ಪಕ್ಕದ ಮನೆಯ ಅತ್ತಿಯ ಹತ್ತಿರ. ನನ್ನನ್ನು ಎತ್ತಿ ಆಡಿಸಿದಾಕೆ. ಹೆಣ್ಣು ಕೇಳಲು ಬಂದವರ ಮುಂದೆ "ಹಸುವಿನಂಥಾ ಹುಡುಗಿ" ಅನ್ನಬೇಕೆಂದು ಅವಳಿಗೆ ಗೊತ್ತು. ಆದರೆ ಬಂದೂಕಿಗೆ ಹಸು ನಡೆಯುತ್ತದೆಯೇ?

"ಆಕಿ ಅಪ್ಪನಂಗ ಹುಲಿ ನೋಡ್ರಿ ಸಾಹೇಬ್ರ, ಯಾರಿಗೂ ಅಂಜಂಗಿಲ್ಲ. ಬದುವಿನ ಜಗಳದಾಗ ಕುಡಗೋಲ ಹಿಡಕೊಂಡು ಎಲ್ಲಾರ್ನೂ ಓಡಿಸ್ಯಾಳ. ಬಂದೂಕ ಆಕಿ ಕೈಯಾಗ ಚಲೋ ಒಪ್ತೈತಿ."

ಆ ದಿನ ಹುಲ್ಲು ಕೊಯ್ಯುತ್ತಿದ್ದೆ, ಅದಕ್ಕೇ ಕೈಯಲ್ಲಿ ಕುಡಗೋಲಿತ್ತು. ಆದರೆ ಓಡಿಸಿದ್ದು ಸುಳ್ಳಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅರ್ಜಿ ತಿರಸ್ಕಾರವಾಯಿತು. ಅತ್ತಿಯ ಮೇಲೆ ಹರಿಹಾಯಬೇಕೆಂದು ಹೋದೆ. ಅವಳು ನಗುನಗುತ್ತ, "ಕೊಟ್ರೇನವಾ? ನಿನ್ನ ಭಾಳ ಹೊಗಳೇನಿ" ಅಂದಳು. ಅವಳು ಕೊಟ್ಟ ಚಹಾ ಕುಡಿದು ಬಂದೆ. ಸಿಟ್ಟಿನವರ ಕೈಗೆ ಬಂದೂಕು ಕೊಡಬಾರದು ಎಂಬ ಕಾಯ್ದೆ ಸರಿಯಾಗಿಯೇ ಇದೆ, ಅದೇ ನನ್ನ ಹೊಟ್ಟೆಯುರಿ.

ಮಾರುವುದೊಂದೇ ದಾರಿ ಉಳಿಯಿತು. ಕೊನೆಗೆ ಬ್ಯಾಡಗಿ ಕಡೆಯ ರೈತರೊಬ್ಬರು ಕೊಳ್ಳಲು ಮುಂದೆ ಬಂದರು. ಅವರ ವಿಚಾರಣೆ ಮುಗಿದು, ಒಪ್ಪಿಗೆಯ ಸಹಿಗೆಂದು ನನ್ನನ್ನು ರಾಣೆಬೆನ್ನೂರಿನ ಠಾಣೆಗೆ ಕರೆಸಿದರು. ಸಹಿ ಮಾಡಿ, "ಒಮ್ಮೆ ಹಿಡ್ಕೊಳ್ಳೇನ್ರೀ?" ಎಂದು ಕೇಳಿದೆ. ಕಾನ್‌ಸ್ಟೇಬಲ್ ಬಂದೂಕು ಬಿಚ್ಚಿ, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, "ಲಗೂ ಕೊಡ್ರಿ ಅಕ್ಕಾರ" ಎಂದು ಕೈಗಿತ್ತ.

ಆಕಾಶಕ್ಕೆ ಗುರಿ ಹಿಡಿಯುವಾಗ ಅಪ್ಪನ ಕೆನ್ನೆ ತಾಗುತ್ತಿದ್ದ ಕಡೆ ಕಟ್ಟಿಗೆ ಸವೆದು ನುಣ್ಣಗಾಗಿತ್ತು. ಅಲ್ಲಿ ನನ್ನ ಕೆನ್ನೆ ಇಟ್ಟೆ. ಅವನು ಇದ್ದಾಗ ಅವನ ಕೆನ್ನೆಗೆ ಹಾಗೆ ಕೆನ್ನೆ ಇಟ್ಟವಳಲ್ಲ. ದೊಡ್ಡವರಾದ ಹೆಣ್ಣುಮಕ್ಕಳು ನಮ್ಮಲ್ಲಿ ಅಪ್ಪನ ಕಾಲು ಮುಟ್ಟುತ್ತೇವೆ, ಅಷ್ಟೇ.